ನಕ್ಷೆಯ ಗೆರೆ ಬಲೆಯನ್ನು ತಡೆಯುವುದಿಲ್ಲ

“ಸಂರಕ್ಷಿತ ಸಮುದ್ರ ಎಂದು ಘೋಷಿಸಿದ ಮೇಲೆ ಅಲ್ಲಿ ಮೀನುಗಾರಿಕೆ ನಿಂತಂತೆಯೇ.”

ಸುದ್ದಿ ಓದಿದವರು ಹೀಗೆ ನಂಬುವುದು ಸಹಜ. ಆದರೆ ಘೋಷಣೆಯ ಆದೇಶ ಬೇರೆ, ಬಲೆ ನಿಲ್ಲಿಸುವ ಆದೇಶ ಬೇರೆ. ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಎಂಬ ವಿಶಾಲ ಮರಳು ದಿಬ್ಬವನ್ನೇ ನೋಡಿ. ಬ್ರಿಟನ್ನಿಗೆ ಸೇರಿದ ಅದರ ಭಾಗ 12,000 ಚದರ ಕಿಲೋಮೀಟರಿಗೂ ದೊಡ್ಡದು. 2017ರಲ್ಲೇ ಅದು ವಿಶೇಷ ಸಂರಕ್ಷಣಾ ಪ್ರದೇಶವಾಯಿತು. ತಳಕ್ಕೆ ತಾಗಿಸಿ ಎಳೆಯುವ ಬಲೆಗಳಿಗೆ ಅಲ್ಲಿ ನಿಷೇಧ ಬಂದದ್ದು 2022ರ ಜೂನ್‌ನಲ್ಲಿ. ಅಲ್ಲಿಯವರೆಗೂ ಟ್ರಾಲರ್‌ಗಳು ಬಲೆ ಎಳೆದದ್ದು ಕಾನೂನಿನ ಒಳಗೇ.

“ಮರಳಿನಲ್ಲಿ ಹಾಳಾಗುವಂಥದ್ದು ಏನಿದೆ?”

ಹವಳ ಇದ್ದರೆ ಮಾತ್ರ ಕಾಳಜಿ ಬೇಕು ಎಂಬ ಭಾವನೆ ಬಲವಾಗಿದೆ. ಆದರೆ ಮರಳಿನೊಳಗೆ ಹುಳುಗಳು, ಚಿಪ್ಪುಜೀವಿಗಳು ತುಂಬಿರುತ್ತವೆ. ಸ್ಯಾಂಡ್‌ಈಲ್ ಎಂಬ ಸಣ್ಣ ಮೀನು ಮರಳಲ್ಲೇ ಹುದುಗಿ ಬದುಕುತ್ತದೆ. ಕಡಲಹಕ್ಕಿಗಳ ಮರಿಗಳಿಗೆ ಅದೇ ಊಟ. ಇನ್ನೂ ಒಂದು ಜೀವಿ ಇದೆ, ಓಷನ್ ಕ್ವಾಹಾಗ್ ಎಂಬ ದಪ್ಪ ಚಿಪ್ಪಿನ ಮೃದ್ವಂಗಿ. 2006ರಲ್ಲಿ ಐಸ್‌ಲ್ಯಾಂಡ್ ಬಳಿ ಸಿಕ್ಕಿದ ಒಂದರ ಚಿಪ್ಪಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿದಾಗ ವಯಸ್ಸು 507 ವರ್ಷ ಎಂದು ತಿಳಿಯಿತು. ಇದೇ ಜಾತಿ ಉತ್ತರ ಸಮುದ್ರದ ಮರಳಲ್ಲೂ ಇದೆ. ತಳ ಎಳೆಯುವ ಬಲೆಯ ಭಾರದ ಸರಪಳಿ ಉಜ್ಜಿಕೊಂಡು ಹೋದರೆ ಅದರ ಚಿಪ್ಪು ಒಡೆಯುತ್ತದೆ.

“ಬಲೆ ಯಾವುದಾದರೇನು, ಹಾನಿ ಒಂದೇ.”

ಸಂರಕ್ಷಣೆಯ ಪರ ಇರುವವರೇ ಹೆಚ್ಚಾಗಿ ಹೇಳುವ ಈ ಮಾತು ನನಗೆ ಎಲ್ಲಕ್ಕಿಂತ ಅನ್ಯಾಯದ್ದು ಅನಿಸುತ್ತದೆ. ಸಣ್ಣ ದೋಣಿಯವರನ್ನೂ ದೊಡ್ಡ ಟ್ರಾಲರನ್ನೂ ಅದು ಒಂದೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಇಂಗ್ಲೆಂಡಿನ ನೈರುತ್ಯಕ್ಕಿರುವ ಲೈಮ್ ಬೇ ಕೊಲ್ಲಿಯಲ್ಲಿ ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ಹಿಡಿಯಲು ಬಳಸುತ್ತಿದ್ದ ಡ್ರೆಜ್ ಎಂದರೆ ಕಬ್ಬಿಣದ ಚೌಕಟ್ಟು. ಮುಂದೆ ಸ್ಪ್ರಿಂಗ್ ಕಟ್ಟಿದ ಹಲ್ಲುಗಳ ಸಾಲು, ಹಿಂದೆ ಉಕ್ಕಿನ ಬಳೆಗಳನ್ನು ಹೆಣೆದ ಚೀಲ. ಹಲ್ಲು ನೆಲ ಕೆದಕುತ್ತದೆ, ಎದ್ದದ್ದೆಲ್ಲ ಚೀಲಕ್ಕೆ ಬೀಳುತ್ತದೆ. ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಗುಲಾಬಿ ಸೀ ಫ್ಯಾನ್ ಹವಳ ಈ ಹಲ್ಲಿಗೆ ಸಿಕ್ಕಿದರೆ ಮುಗಿಯಿತು. 2008ರಲ್ಲಿ ಅಲ್ಲಿನ 206 ಚದರ ಕಿಲೋಮೀಟರ್‌ನಲ್ಲಿ ತಳ ಎಳೆಯುವ ಸಲಕರಣೆಗಳನ್ನಷ್ಟೇ ನಿಲ್ಲಿಸಿದರು. ಏಡಿಯ ಬೋನು ಇಳಿಸುವವರು, ಗಾಳ ಹಾಕುವವರು ಉಳಿದುಕೊಂಡರು.

ಪ್ಲಿಮತ್ ವಿಶ್ವವಿದ್ಯಾಲಯದವರು ನೆಲಕ್ಕೆ ಒರಗದೆ ತೇಲುವ ಕ್ಯಾಮೆರಾ ಚೌಕಟ್ಟನ್ನು ದೋಣಿಯಿಂದ ಎಳೆಸಿ ವರ್ಷ ವರ್ಷವೂ ತಳವನ್ನು ಚಿತ್ರಿಸಿದರು. ನಿಷೇಧದ ಒಳಗೊಂದು ಜಾಗ, ಹೊರಗೆ ಅಂಥದ್ದೇ ಇನ್ನೊಂದು ಜಾಗ; ಎರಡನ್ನೂ ಹೋಲಿಸುತ್ತಾ ಬಂದರು. ಒಳಗೆ ಜೀವ ಮರಳಿತು. ಬೋನುಗಳನ್ನೂ ಅವರು ಸುಮ್ಮನೆ ಬಿಡಲಿಲ್ಲ. ಬೇರೆ ಬೇರೆ ಜಾಗಗಳಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂದು ಬೋನು ಇಡಿಸಿ ನೋಡಿದಾಗ, ತೀರಾ ಒತ್ತೊತ್ತಾಗಿ ಇಟ್ಟಲ್ಲಿ ಮಾತ್ರ ಕೆಲವು ಸೂಕ್ಷ್ಮ ಜೀವಿಗಳಿಗೆ ಪೆಟ್ಟು ಬಿದ್ದದ್ದು ಕಂಡಿತು. ಯಾವ ಸಲಕರಣೆ, ಎಂಥ ತಳದ ಮೇಲೆ, ಎಷ್ಟು ಸಲ ಎಂಬ ಮೂರನ್ನೂ ಸೇರಿಸಿ ಕೇಳದೆ ಹಾನಿಯ ಲೆಕ್ಕ ಸಿಗುವುದಿಲ್ಲ.

2013–14ರ ಚಳಿಗಾಲದ ಬಿರುಗಾಳಿಗಳು ಅಲ್ಲಿ ಚೇತರಿಸಿಕೊಂಡಿದ್ದ ತಳವನ್ನು ಮತ್ತೆ ಕಿತ್ತುಹಾಕಿದವು ಎಂಬುದನ್ನೂ ಹೇಳಬೇಕು. ಆದರೆ ಎರಡನೇ ಸಲ ಚೇತರಿಕೆ ಮೊದಲಿಗಿಂತ ಬೇಗ ಬಂತು.

“ಉಪಗ್ರಹದ ನಕ್ಷೆಯಲ್ಲಿ ದೋಣಿ ಕಾಣದಿದ್ದರೆ ಅಲ್ಲಿ ಯಾರೂ ಹಿಡಿದಿಲ್ಲ.”

ಬ್ರಿಟನ್ನಿನಲ್ಲಿ ವರ್ಷಗಟ್ಟಲೆ 12 ಮೀಟರಿಗಿಂತ ಚಿಕ್ಕ ದೋಣಿಗಳು ಉಪಗ್ರಹದ ನಿಗಾದಿಂದ ಹೊರಗಿದ್ದವು. ದೊಡ್ಡವೂ ಸಾಮಾನ್ಯವಾಗಿ 2 ಗಂಟೆಗೊಮ್ಮೆ ತಾವಿರುವ ಜಾಗ ತಿಳಿಸುತ್ತಿದ್ದವು. 3 ನಾಟ್ ವೇಗದಲ್ಲಿ ಬಲೆ ಎಳೆಯುವ ದೋಣಿ ಅಷ್ಟರಲ್ಲಿ 11 ಕಿಲೋಮೀಟರ್ ದಾಟಿರುತ್ತದೆ. ಕಿರಿದಾದ ಕಲ್ಲುಪಾರೆಯೊಂದನ್ನು ಉಜ್ಜಿಕೊಂಡು ಹೋದರೂ ನಕ್ಷೆಯಲ್ಲಿ ಅಲ್ಲೊಂದು ಚುಕ್ಕೆಯೂ ಬೀಳದಿರಬಹುದು.

“ಮಳೆಗಾಲದಲ್ಲಿ ಹೇಗೂ ನಿಷೇಧ ಇದೆಯಲ್ಲ.”

ಇದು ನಮ್ಮ ಕರಾವಳಿಯ ಮಾತು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಯಾಂತ್ರಿಕ ದೋಣಿಗಳಿಗೆ. ಮೀನು ಮೊಟ್ಟೆಯಿಟ್ಟು ಮರಿಯಾಗಲು ಅದು ಬೇಕೇ ಬೇಕು. ಆದರೆ ವರ್ಷಗಟ್ಟಲೆ ಬೆಳೆದ ತಳದ ಜೀವಿಗಳಿಗೆ 61 ದಿನ ಯಾವ ಲೆಕ್ಕಕ್ಕೂ ಇಲ್ಲ. ಆಗಸ್ಟ್‌ನಲ್ಲಿ ಬೋಟುಗಳು ಇಳಿದಾಗ ಟ್ರಾಲ್ ಬಲೆ ಅದೇ ನೆಲದ ಮೇಲೆ ಓಡುತ್ತದೆ.

ಹೊನ್ನಾವರದ ಅಪ್ಸರಕೊಂಡ–ಮುಗಳಿ ಭಾಗದಲ್ಲಿ 6,000 ಹೆಕ್ಟೇರಿಗೆ ಹತ್ತಿರದಷ್ಟು ಸಮುದ್ರವನ್ನು ಕರ್ನಾಟಕ ವನ್ಯಜೀವಿ ಧಾಮವೆಂದು ಘೋಷಿಸಿದೆ. ಅಲ್ಲಿ ತಳದ ಚಿತ್ರಣ ಆದಷ್ಟು ಬೇಗ ಆಗಬೇಕು, ಧಾಮದ ಹೊರಗಿನ ಅಂಥದ್ದೇ ಜಾಗದಲ್ಲೂ ಆಗಬೇಕು. ಇಲ್ಲದಿದ್ದರೆ ಹತ್ತು ವರ್ಷದ ನಂತರ ಯಾವುದರ ಜೊತೆ ಹೋಲಿಸುವುದು? ಟ್ರಾಲ್ ಬೋಟು, ಪರ್ಸೀನ್, ನಾಡದೋಣಿಯ ಬೀಡುಬಲೆ ಇವುಗಳ ಲೆಕ್ಕವನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಬೀಡುಬಲೆ ತಳವನ್ನು ಗೋರುವುದಿಲ್ಲ, ಆದರೆ ಕಡಲಾಮೆ ಅದರಲ್ಲಿ ಸಿಕ್ಕಿಕೊಳ್ಳಬಹುದು. ಟ್ರಾಲ್ ಎರಡನ್ನೂ ಮಾಡಬಲ್ಲದು. ಬಲೆ ಎಲ್ಲಿ ಬೀಳುತ್ತದೆ, ಎಲ್ಲಿ ಕಲ್ಲಿಗೆ ಸಿಕ್ಕಿ ಹರಿಯುತ್ತದೆ ಎಂಬುದು ಅಲ್ಲಿನ ಮೀನುಗಾರರಿಗೆ ಗೊತ್ತು. ಸಮೀಕ್ಷೆಯ ದೋಣಿ ಹತ್ತುವ ಮೊದಲು ಅವರನ್ನೇ ಕೇಳಬೇಕು.