ಜಾಝ್ ಕೇಳುವುದು ಹೇಗೆ? ಪಕ್ಕವಾದ್ಯದ ಹೆಸರೇ ದಾರಿದೀಪ

ತಿಂಥಣಿ (ಯಾದಗಿರಿ ಜಿಲ್ಲೆ): ಸುರಪುರ ಸೀಮೆಯ ಕೃಷ್ಣಾ ತೀರದಲ್ಲಿರುವ ತಿಂಥಣಿ ಮೌನೇಶ್ವರರ ಸನ್ನಿಧಿಯು ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಭಕ್ತರನ್ನು ಸೆಳೆಯುವ ಕ್ಷೇತ್ರ. ಈ ಭಾಗದ ಭಜನಾ ಮೇಳಗಳಲ್ಲಿ ತತ್ವಪದ ಹಾಡುವುದಕ್ಕೆ ಒಂದು ಕ್ರಮವಿದೆ. ಮುಂದಾಳು ಒಂದು ಸಾಲನ್ನು ಎತ್ತಿಕೊಡುತ್ತಾರೆ, ಹಿಮ್ಮೇಳದವರು ಅದನ್ನು ಹಿಡಿದು ಮರಳಿಸುತ್ತಾರೆ. ಏಕತಾರಿ ಶ್ರುತಿಯನ್ನು ಕಾಯುತ್ತದೆ, ದಮ್ಮಡಿ ಮತ್ತು ತಾಳಗಳು ನಡೆಯನ್ನು ಕಾಯುತ್ತವೆ. ಅದೇ ಸಾಲು ಎರಡನೆಯ ಸಲ ಬಂದಾಗ ಮೊದಲಿನಂತಿರುವುದಿಲ್ಲ. ಹಾಡುಗಾರರು ಒಂದು ಪದವನ್ನು ಎಳೆಯುತ್ತಾರೆ, ಇನ್ನೊಂದನ್ನು ತಡೆದು ನಿಲ್ಲಿಸುತ್ತಾರೆ. ಕೇಳುವವರು ಆ ವ್ಯತ್ಯಾಸಕ್ಕಾಗಿಯೇ ಕಾದು ಕುಳಿತಿರುತ್ತಾರೆ.

ಹೀಗೆ ಕೇಳಬಲ್ಲ ಕಿವಿಗೆ ಜಾಝ್ ಸಂಗೀತ ಅಪರಿಚಿತವಾಗಬೇಕಾದ ಕಾರಣವಿಲ್ಲ. ಆದರೂ ಆ ಹೆಸರನ್ನು ಎತ್ತಿದೊಡನೆ ನಮ್ಮಲ್ಲಿ ಬಹುಪಾಲು ಜನರು ಅದು ಮಹಾನಗರದ ದುಬಾರಿ ಹೋಟೆಲುಗಳಿಗೆ ಸೇರಿದ್ದೆಂದು ಪಕ್ಕಕ್ಕಿಡುತ್ತಾರೆ. ಕುತೂಹಲದಿಂದ ಒಮ್ಮೆ ಕೇಳಿದವರು ಸಹ ಗದ್ದಲವೆಂದು ಕೈಬಿಡುವುದುಂಟು. ಆಫ್ರಿಕಾದಿಂದ ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟವರ ಸಂತತಿಯು ಹೊಲದ ಹಾಡು, ಚರ್ಚಿನ ಹಾಡು, ಬ್ಲೂಸ್ ಹಾಗೂ ಬ್ಯಾಂಡ್ ಸಂಗೀತಗಳನ್ನು ಬೆರೆಸಿ, 20ನೇ ಶತಮಾನದ ಆರಂಭದ ಹೊತ್ತಿಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ರೂಪಿಸಿದ ಸಂಗೀತವಿದು. ಒಬ್ಬರು ಕರೆಯುವುದು, ಉಳಿದವರು ಓಗೊಡುವುದು ಇದರ ಬುನಾದಿಯಾಗಿದೆ.

ಗದ್ದಲದೊಳಗಿನ ಲೆಕ್ಕ

ಜಾಝ್ ಕೃತಿಯೊಂದರ ಸಾಮಾನ್ಯ ವಿನ್ಯಾಸ ಸರಳವಾದುದು. ಮೊದಲು ಎಲ್ಲರೂ ಸೇರಿ ಮೂಲ ರಾಗಧಾಟಿಯನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದೇ ಚೌಕಟ್ಟಿನೊಳಗೆ ತಮ್ಮ ಕಲ್ಪನೆಯನ್ನು ವಿಸ್ತರಿಸುತ್ತಾರೆ. ಕೊನೆಗೆ ಎಲ್ಲರೂ ಮೂಲ ಧಾಟಿಗೆ ಮರಳುತ್ತಾರೆ. ಹಿಂದೂಸ್ತಾನಿ ಗಾಯಕರು ತಾನುಗಳನ್ನು ಹಾಕಿ ಮುಖಡಾ ಹಿಡಿದು ಸಮ್‌ಗೆ ಬಂದು ಸೇರುವುದನ್ನು ಬಲ್ಲ ಉತ್ತರ ಕರ್ನಾಟಕದ ಕೇಳುಗರಿಗೆ ಈ ಪ್ರಯಾಣ ಹೊಸದೇನಲ್ಲ. ಬ್ಲೂಸ್ ಪ್ರಕಾರದ ಕೃತಿಯಾದರೆ ನಾಲ್ಕು ಎಣಿಕೆಯ 12 ಖಂಡಗಳು, ಅಂದರೆ 48 ಎಣಿಕೆಗಳು ಒಂದು ಆವರ್ತನವಾಗುತ್ತವೆ. ಆ ಆವರ್ತನ ಮತ್ತೆ ಮತ್ತೆ ತಿರುಗುತ್ತದೆ. ಎಣಿಕೆ ತಪ್ಪಿದ ಕೇಳುಗನಿಗೆ ಗದ್ದಲವಾಗಿ ಕೇಳಿಸುವುದು, ಎಣಿಸುತ್ತ ಕುಳಿತವನಿಗೆ ಬಿಗಿಯಾದ ಕಟ್ಟಡವಾಗಿ ಕಾಣುತ್ತದೆ.

ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಇದಕ್ಕೆ ಉತ್ತಮ ನಿದರ್ಶನ. ಅದರ ಮೊದಲ ಕೃತಿ ‘ಸೋ ವಾಟ್’ನಲ್ಲಿ ಸಣ್ಣದೊಂದು ಪೀಠಿಕೆಯ ನಂತರ ಬಾಸ್ ವಾದ್ಯ ಪ್ರಶ್ನೆ ಕೇಳುತ್ತದೆ, ಪಿಯಾನೊ ಎರಡೇ ಪೆಟ್ಟಿನಲ್ಲಿ ಉತ್ತರಿಸುತ್ತದೆ. ಕೊಂಚ ಹೊತ್ತಿನಲ್ಲಿ ಆ ಉತ್ತರ ಊದುವ ವಾದ್ಯಗಳ ಪಾಲಾಗುತ್ತದೆ. ಭಜನಾ ಮೇಳದ ಸವಾಲು ಜವಾಬು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. ಈ ಕೃತಿ ಬಳಸುವ ಸ್ವರಶ್ರೇಣಿ ಹಿಂದೂಸ್ತಾನಿಯ ಕಾಫಿ ಥಾಟಿಗೂ ಕರ್ನಾಟಕ ಸಂಗೀತದ ಖರಹರಪ್ರಿಯ ಮೇಳಕ್ಕೂ ಸಮನಾದುದು. ಮೊದಲ 16 ಖಂಡಗಳು ಒಂದು ಆಧಾರ ಸ್ವರದಲ್ಲಿ ಸಾಗಿ, ಮುಂದಿನ ಎಂಟು ಖಂಡಗಳಲ್ಲಿ ಆ ಆಧಾರವೇ ಅರ್ಧ ಸ್ವರದಷ್ಟು ಮೇಲೇರಿ, ಕೊನೆಯ ಎಂಟಕ್ಕೆ ಮತ್ತೆ ಕೆಳಗಿಳಿಯುತ್ತದೆ. ತಂಬೂರಿಯ ಷಡ್ಜ ಕದಲದೆ ನಿಲ್ಲುವುದನ್ನು ಕೇಳಿ ಬೆಳೆದವರಿಗೆ ಇಲ್ಲಿ ಕಾಲಡಿಯ ನೆಲವೇ ಸರಿದಂತಾಗುತ್ತದೆ. ಇದೊಂದನ್ನು ಗುರುತಿಸಲು ಕಲಿತರೆ ಅರ್ಧ ದಾರಿ ಸಾಗಿದಂತೆ.

ಆಕಾಶವಾಣಿ ಕಲಿಸಿದ ಅಭ್ಯಾಸ

ಹೊಸ ಜಾಝ್ ಸಂಗೀತವನ್ನು ಹುಡುಕಿಕೊಳ್ಳುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ಪ್ರಕಾರಗಳ ಪಟ್ಟಿ, ಶ್ರೇಷ್ಠ ನೂರರ ಪಟ್ಟಿಗಳು ಹೊಸಬರನ್ನು ದಾರಿ ತಪ್ಪಿಸುವುದೇ ಹೆಚ್ಚು. ಇದಕ್ಕಿಂತ ಉಪಯುಕ್ತವಾದ ದಾರಿಯನ್ನು ಆಕಾಶವಾಣಿ ನಮಗೆ ಹಿಂದೆಯೇ ಕಲಿಸಿದೆ. ಕಛೇರಿಯ ಮೊದಲು ಮತ್ತು ಕೊನೆಗೆ ಉದ್ಘೋಷಕರು ಗಾಯಕರ ಹೆಸರಿನ ಜೊತೆಗೆ ತಬಲಾ ಯಾರದು, ಹಾರ್ಮೋನಿಯಂ ಯಾರದು, ಪಿಟೀಲು ಮತ್ತು ಮೃದಂಗ ಯಾರದು ಎಂದು ತಪ್ಪದೆ ತಿಳಿಸುತ್ತಾರೆ. ಅದನ್ನು ನೆನಪಿಟ್ಟ ಕೇಳುಗರು ಅದೇ ತಬಲಾ ವಾದಕರು ಬೇರೊಬ್ಬರಿಗೆ ಸಾಥ್ ನೀಡುವಾಗ ಗುರುತು ಹಿಡಿಯುತ್ತಿದ್ದರು.

ಜಾಝ್‌ನಲ್ಲಿ ಈ ಅಭ್ಯಾಸಕ್ಕೆ ದೊಡ್ಡ ಫಲವಿದೆ. ಇಂದು ಪಕ್ಕವಾದ್ಯ ನುಡಿಸಿದವರು ನಾಳೆ ತಮ್ಮದೇ ತಂಡ ಕಟ್ಟುವುದು ಅಲ್ಲಿಯ ಪದ್ಧತಿ. ‘ಕೈಂಡ್ ಆಫ್ ಬ್ಲೂ’ನಲ್ಲಿ ನುಡಿಸಿದವರು ಒಟ್ಟು ಏಳು ಮಂದಿ. ಸ್ಯಾಕ್ಸೋಫೋನ್ ನುಡಿಸಿದ ಜಾನ್ ಕೋಲ್ಟ್ರೇನ್, ಪಿಯಾನೊದ ಬಿಲ್ ಎವಾನ್ಸ್ ಮುಂತಾದವರು ಸ್ವಂತ ಹೆಸರಿನಲ್ಲಿ ಬೇರೆ ಬೇರೆ ದಿಕ್ಕಿಗೆ ನಡೆದರು. ಭಾರತೀಯ ಸಂಗೀತದತ್ತ ತೀವ್ರವಾಗಿ ಆಕರ್ಷಿತರಾದ ಕೋಲ್ಟ್ರೇನ್, 1965ರಲ್ಲಿ ಜನಿಸಿದ ಮಗನಿಗೆ ಪಂಡಿತ್ ರವಿಶಂಕರ್ ಅವರ ನೆನಪಿಗೆ ರವಿ ಎಂದೇ ಹೆಸರಿಟ್ಟರು. ಆ ರವಿ ಕೋಲ್ಟ್ರೇನ್ ಸಹ ಸ್ಯಾಕ್ಸೋಫೋನ್ ವಾದಕರಾದರು.

ಕನ್ನಡ ನಾಡಿನ ಎರಡು ಬಾಗಿಲು

ಈ ವಿಧಾನವನ್ನು ಪರೀಕ್ಷಿಸಲು ನಮ್ಮ ನಾಡಿನಿಂದಲೇ ಹೊರಡಬಹುದು. ಮೊದಲ ಬಾಗಿಲು ಬೆಂಗಳೂರಿನದು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಅಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. 1983ರಲ್ಲಿ ಈ ಸಂಸ್ಥೆಯ ಕಲಾವಿದರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗೂಡಿ ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಗಾಯನ ಆರ್.ಎ. ರಮಾಮಣಿ ಅವರದು. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಅದರಲ್ಲಿವೆ. ಮ್ಯೂನಿಕ್ ನಗರದ ಹೆಸರಾಂತ ಇಸಿಎಂ ಸಂಸ್ಥೆ ಇದನ್ನು ಹೊರತಂದಿತು. ಮುದ್ರಿಕೆಯ ಕೊನೆಯ ಕೃತಿಯ ಹೆಸರು ‘ಭಜನ್’ ಎಂಬುದು ಗಮನಾರ್ಹ. ಮರಿಯಾನೊ 2009ರಲ್ಲಿಯೂ ಮಣಿ 2020ರಲ್ಲಿಯೂ ನಿಧನರಾದರು.

ಎರಡನೆಯ ಬಾಗಿಲು ಕರಾವಳಿಯದು. ನಾಗಸ್ವರ ವಾದಕರ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ದೀರ್ಘ ಸಾಧನೆಯಿಂದ ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಲು ಬಯಸಿ ವೇದಿಕೆ ಏರಿದರು. ನಾಗಸ್ವರದ ಮನೆಯ ಮಗ ಸ್ಯಾಕ್ಸೋಫೋನ್ ಹಿಡಿದರೆ, ಸ್ಯಾಕ್ಸೋಫೋನ್ ವಾದಕ ಮರಿಯಾನೊ ನಾಗಸ್ವರವನ್ನು ಅಭ್ಯಾಸ ಮಾಡಿದ್ದರೆಂಬುದು ಇನ್ನೊಂದು ಸ್ವಾರಸ್ಯ.

ಕದ್ರಿಯವರ ದಾರಿ ಮುಂದೆ ಕವಲೊಡೆಯುತ್ತದೆ. ಕರ್ನಾಟಕ ಮೂಲದ ಕುಟುಂಬದಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅವರಿಗೆ, ವಿದ್ಯಾರ್ಥಿಯಾಗಿದ್ದಾಗ ಸಹೋದರನು ತಮಾಷೆಗೆಂದು ಕದ್ರಿಯವರ ಮುದ್ರಿಕೆಯೊಂದನ್ನು ಕೊಟ್ಟರು. ಅದೇ ಮುಂದೆ 2008ರಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದ ‘ಕಿನ್ಸ್‌ಮೆನ್’ಗೆ ಬೀಜವಾಯಿತು. ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಜ್ ಅಬ್ಬಾಸಿ ಅವರ ಗಿಟಾರ್ ಅದರಲ್ಲಿವೆ. ಮಹಾಂತಪ್ಪ 2015ರಲ್ಲಿ ಹೊರತಂದ ‘ಬರ್ಡ್ ಕಾಲ್ಸ್’, 1940ರ ದಶಕದಲ್ಲಿ ಜಾಝ್‌ನ ನುಡಿಗಟ್ಟನ್ನೇ ಬದಲಿಸಿದ ಚಾರ್ಲಿ ಪಾರ್ಕರ್ ಅವರಿಗೆ ಸಲ್ಲಿಸಿದ ಗೌರವ. ಕದ್ರಿಯಿಂದ ಪಾರ್ಕರ್‌ವರೆಗೆ ಮೂರೇ ಹೆಜ್ಜೆ.

ಎರಡೂ ದಾರಿ ಸೇರುವಲ್ಲಿ

ಇನ್ನು ಮರಿಯಾನೊ ಮತ್ತು ಹ್ಯಾಂಡಿ ಎಂಬ ಎರಡು ಹೆಸರುಗಳನ್ನು ಹಿಂಬಾಲಿಸಿದರೆ ಏನಾಗುತ್ತದೆಂದು ನೋಡೋಣ. ಹ್ಯಾಂಡಿ 1959ರ ‘ಮಿಂಗಸ್ ಆ ಅಮ್’ನಲ್ಲಿ ನುಡಿಸಿದ್ದಾರೆ. ಮರಿಯಾನೊ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿದ್ದಾರೆ. ಎರಡೂ ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರ ಕೃತಿಗಳು. ಬೆಂಗಳೂರಿನಿಂದ ಹೊರಟವರೂ ಮಂಗಳೂರಿನಿಂದ ಹೊರಟವರೂ ಒಂದೇ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

‘ಮಿಂಗಸ್ ಆ ಅಮ್’ನ ಮೊದಲ ಕೃತಿ, ಮಿಂಗಸ್ ಬಾಲ್ಯದಲ್ಲಿ ಲಾಸ್ ಏಂಜಲೀಸ್‌ನ ಚರ್ಚುಗಳಲ್ಲಿ ಕೇಳಿದ ಸಾಮೂಹಿಕ ಪ್ರಾರ್ಥನೆಯ ಆವೇಶದಿಂದ ಹುಟ್ಟಿದುದು. ದಾದ್ರಾದಂತೆ ಆರರ ಎಣಿಕೆಯಲ್ಲಿ ಓಡುವ ಅದರಲ್ಲಿ ಚಪ್ಪಾಳೆ, ಕೂಗು, ಕರೆ, ಓಗೊಡುವಿಕೆ ಎಲ್ಲವೂ ಇವೆ. ಭಜನೆಯ ಅಂಗಳದಲ್ಲಿ ಕುಳಿತು ಗೊತ್ತಿರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ಮುದ್ರಿಕೆಯ ‘ಫೇಬಲ್ಸ್ ಆಫ್ ಫಾಬಸ್’, 1957ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಲಿಟಲ್ ರಾಕ್‌ನ ಶಾಲೆಗೆ ಸೇರಗೊಡದಿದ್ದ ಅರ್ಕಾನ್ಸಾ ರಾಜ್ಯದ ಗವರ್ನರ್‌ನನ್ನು ಗೇಲಿ ಮಾಡುವ ಕೃತಿ. ಜಾತಿಯ ಮೇಲುಕೀಳನ್ನು ಹಾಡಿನಲ್ಲೇ ಚುಚ್ಚಿ ಕೇಳಿದ ತತ್ವಪದಕಾರರ ನಾಡಿಗೆ ಈ ಧೋರಣೆಯೂ ಹೊರತಲ್ಲ. ಮಿಂಗಸ್ 1979ರ ಜನವರಿಯಲ್ಲಿ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ಪತ್ನಿ ಭಾರತಕ್ಕೆ ತಂದು ಗಂಗೆಯಲ್ಲಿ ವಿಸರ್ಜಿಸಿದರು.

ಕೇಳುಗರಿಗೆ ನಾಲ್ಕು ಮಾತು

ಹೊಸದಾಗಿ ಕೇಳಲು ತೊಡಗುವವರು ವಾರಕ್ಕೆ ಒಂದೇ ಮುದ್ರಿಕೆಯನ್ನು ಆರಿಸಿಕೊಳ್ಳುವುದು ಸೂಕ್ತ. ಮೊದಲ ಸಲ ಮೂಲ ಧಾಟಿಯನ್ನಷ್ಟೇ ಗುನುಗುವಷ್ಟು ಹಿಡಿಯಬೇಕು. ಎರಡನೆಯ ಸಲ ಬಾಸ್ ವಾದ್ಯವೊಂದನ್ನೇ ಹಿಂಬಾಲಿಸಬೇಕು. ಆವರ್ತನ ಎಲ್ಲಿದೆಯೆಂದು ಹೇಳುವುದು ಅದೇ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬಾಸ್ ಸರಿಯಾಗಿ ಕೇಳಿಸದು. ಅನೇಕರಿಗೆ ಜಾಝ್ ದಿಕ್ಕಿಲ್ಲದ ಸಂಗೀತವೆನಿಸಲು ಇದೂ ಒಂದು ಕಾರಣ. ಆದ್ದರಿಂದ ಇಯರ್‌ಫೋನ್ ಅಗತ್ಯ. ಮೂರನೆಯ ಸಲ ಒಬ್ಬರು ನುಡಿಸುತ್ತಿರುವಾಗ ಉಳಿದವರು ಏನು ಮಾಡುತ್ತಿದ್ದಾರೆಂಬುದನ್ನು ಕೇಳಬೇಕು. ಅಷ್ಟರಲ್ಲಿ ಯಾರೋ ಒಬ್ಬರ ನಾದ ಇಷ್ಟವಾಗಿರುತ್ತದೆ. ಅವರ ಹೆಸರನ್ನು ಬರೆದಿಟ್ಟುಕೊಂಡರೆ ಮುಂದಿನ ವಾರದ ಮುದ್ರಿಕೆ ಯಾವುದೆಂದು ತಾನಾಗಿ ನಿರ್ಧಾರವಾಗುತ್ತದೆ.

ಹೆಸರು ಬರೆದಿಡಬೇಕಾದ ಅಗತ್ಯ ಹಿಂದಿಗಿಂತ ಇಂದು ಹೆಚ್ಚಾಗಿದೆ. ಹಳೆಯ ಮುದ್ರಿಕೆಗಳ ಹೊದಿಕೆಯ ಹಿಂಬದಿಯಲ್ಲಿ ನುಡಿಸಿದವರ ಹೆಸರೆಲ್ಲ ಅಚ್ಚಾಗಿರುತ್ತಿತ್ತು. ಮೊಬೈಲ್ ಸಂಗೀತ ಸೇವೆಗಳಲ್ಲಿ ಸಾಮಾನ್ಯವಾಗಿ ಮುಖ್ಯ ಕಲಾವಿದರ ಹೆಸರಷ್ಟೇ ಎದ್ದು ಕಾಣುತ್ತದೆ. ‘ಜ್ಯೋತಿ’ಯಲ್ಲಿ ಖಂಜಿರ ನುಡಿಸಿದವರು ಯಾರು ಎಂಬುದನ್ನು ಹುಡುಕಿಯೇ ತಿಳಿಯಬೇಕು. ಬೆಂಗಳೂರಿನ ಕಲಾವಿದರು ಯುರೋಪಿನ ಕೇಳುಗರಿಗೆ ಕೊಟ್ಟ ಸಂಗೀತ ಕನ್ನಡಿಗರಲ್ಲೇ ಬಹುಮಂದಿಗೆ ಅಪರಿಚಿತವಾಗಿ ಉಳಿದಿರುವುದು ಹೀಗೆಯೇ. ಹೆಸರು ಅಳಿದರೆ ದಾರಿ ಮುಚ್ಚುತ್ತದೆ. ದಾರಿ ಮುಚ್ಚಿದರೆ ನಮ್ಮವರದೇ ಸಾಧನೆ ನಮಗೆ ಪರದೇಶಿಯಾಗುತ್ತದೆ. ಪಿಟೀಲು ಯಾರದು, ಮೃದಂಗ ಯಾರದು ಎಂದು ಕೇಳಿ ತಿಳಿಯುವ ಹಳೆಯ ಶ್ರೋತೃವಿನ ಕುತೂಹಲವಿದ್ದರೆ ಯಾದಗಿರಿಯ ಕೇಳುಗನಿಗೂ ನ್ಯೂಯಾರ್ಕಿನ ಸಂಗೀತ ದೂರವೇನಲ್ಲ.