ಹೋಳಿ: ಕಥೆಗಿಂತ ಹಳೆಯ ಹಬ್ಬ

ಫಾಲ್ಗುಣದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾಗಲಕೋಟೆಯ ಓಣಿಗಳಲ್ಲಿ ಹಲಗೆಯ ಸದ್ದು ಶುರುವಾಗುತ್ತದೆ. ಕಾಮಣ್ಣನನ್ನು ಸುಡಲು ಹುಡುಗರು ಕಟ್ಟಿಗೆ, ಕುಳ್ಳು ಕೂಡಿಸುತ್ತಾರೆ. ಈ ಹಬ್ಬದ ಮೂಲದ ಬಗ್ಗೆ ಬಾಯಿಂದ ಬಾಯಿಗೆ ಬಂದ ನಾಲ್ಕು ಮಾತುಗಳನ್ನು ಹಳೆಯ ಗ್ರಂಥಗಳ ಮುಂದಿಟ್ಟು ನೋಡೋಣ.

ತಪ್ಪು ಕಲ್ಪನೆ: ಪ್ರಹ್ಲಾದನೊಡನೆ ಬೆಂಕಿಯಲ್ಲಿ ಕೂತ ಸೋದರತ್ತೆ ಹೋಲಿಕೆಯ ಕಥೆ ಭಾಗವತದಲ್ಲಿದೆ, ಹಬ್ಬ ಹುಟ್ಟಿದ್ದೇ ಅದರಿಂದ.
ಸತ್ಯ: ಭಾಗವತದ ಏಳನೆಯ ಸ್ಕಂಧದಲ್ಲೂ ವಿಷ್ಣುಪುರಾಣದಲ್ಲೂ ಪ್ರಹ್ಲಾದನ ಚರಿತ್ರೆ ಇದೆ. ಬೆಂಕಿಯೂ ಅವನನ್ನು ಸುಡಲಿಲ್ಲ ಎಂಬ ಮಾತೂ ಇದೆ. ಹೋಲಿಕೆ ಎಂಬ ಸೋದರತ್ತೆ ಮಾತ್ರ ಎರಡರಲ್ಲೂ ಇಲ್ಲ. ಹಬ್ಬದ ಹೆಸರಾದರೋ ಬಹಳ ಹಳೆಯದು. ಕಾಠಕ ಗೃಹ್ಯಸೂತ್ರದಲ್ಲೇ ‘ಹೋಲಾಕಾ’ ಎಂಬ ಪದವಿದೆ. ಅದು ಹೆಣ್ಣುಮಕ್ಕಳ ಸೌಭಾಗ್ಯಕ್ಕಾಗಿ ಮಾಡುವ ಕರ್ಮ, ಅದರ ದೇವತೆ ಹುಣ್ಣಿಮೆಯ ರಾಕಾ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ.

ತಪ್ಪು ಕಲ್ಪನೆ: ಹೋಳಿ ಉತ್ತರದವರದು, ನಮಗೆ ಸಿನಿಮಾದಿಂದ ಬಂತು.
ಸತ್ಯ: ಹೋಲಾಕವನ್ನು ಪೂರ್ವದೇಶದವರು ಆಚರಿಸುತ್ತಾರೆ ಎಂದು ಜೈಮಿನಿಯ ಮೀಮಾಂಸಾ ಸೂತ್ರಗಳ ಭಾಷ್ಯಕಾರ ಶಬರಸ್ವಾಮಿ ಬರೆದಿದ್ದಾನೆ. ಹಾಗಾದರೆ ಅದು ಅವರಿಗೆ ಮಾತ್ರವೇ? ಇಂಥ ಆಚಾರ ಎಲ್ಲರಿಗೂ ಸಲ್ಲುತ್ತದೆ ಎಂಬುದೇ ಮೀಮಾಂಸಕರ ತೀರ್ಮಾನ. 1420ರ ಸುಮಾರಿಗೆ ವಿಜಯನಗರಕ್ಕೆ ಬಂದ ಇಟಲಿಯ ನಿಕೊಲೊ ಕಾಂಟಿ, ಮೂರು ದಿನ ದಾರಿಹೋಕರ ಮೇಲೆಲ್ಲ ಕೇಸರಿನೀರು ಎರಚುತ್ತಿದ್ದರು, ರಾಜರಾಣಿಯರನ್ನೂ ಬಿಡುತ್ತಿರಲಿಲ್ಲ ಎಂದು ದಾಖಲಿಸಿದ್ದಾನೆ.

ತಪ್ಪು ಕಲ್ಪನೆ: ಬಣ್ಣದಾಟ ಈಚಿನದು.
ಸತ್ಯ: 7ನೇ ಶತಮಾನದ ಹರ್ಷನ ‘ರತ್ನಾವಳಿ’ ನಾಟಕದ ಮದನೋತ್ಸವ ಎಂಬ ಕಾಮನ ಹಬ್ಬದಲ್ಲೇ ಊರಿಗೆ ಊರೇ ಬಣ್ಣದ ಪುಡಿಯಲ್ಲಿ ಮುಳುಗಿದೆ, ನೀರು ಚಿಮ್ಮಿದೆ.

ತಪ್ಪು ಕಲ್ಪನೆ: ಬಾಯಿ ಬಡಿದುಕೊಂಡು ಕೂಗುವುದು ಶಾಸ್ತ್ರಕ್ಕೆ ಹೊರಗು.
ಸತ್ಯ: ಭವಿಷ್ಯಪುರಾಣದ ಉತ್ತರಪರ್ವದಲ್ಲಿ ಕೃಷ್ಣ ಯುಧಿಷ್ಠಿರನಿಗೆ ಒಂದು ಕಥೆ ಹೇಳುತ್ತಾನೆ. ರಘುರಾಜನ ಕಾಲದಲ್ಲಿ ಢುಂಢಾ ಎಂಬ ರಾಕ್ಷಸಿ ಮಕ್ಕಳನ್ನು ಕಾಡುತ್ತಿದ್ದಳು. ಶಿವನ ವರವಿದ್ದ ಅವಳಿಗೆ ಹುಚ್ಚೆದ್ದು ಆಡುವ ಮಕ್ಕಳ ಭಯವೊಂದು ಉಳಿದಿತ್ತು. ಅವಳನ್ನು ಓಡಿಸಲು ಒಣಕಟ್ಟಿಗೆ, ಕುಳ್ಳು ಒಟ್ಟಿ ಬೆಂಕಿ ಹಾಕಿ, ಮೂರು ಸುತ್ತು ಬಂದು, ಚಪ್ಪಾಳೆ ತಟ್ಟಿ, ನಕ್ಕು, ಬಾಯಿಗೆ ಬಂದಂತೆ ಕೂಗಬೇಕೆಂದು ರಾಜನ ಪುರೋಹಿತ ವಿಧಿ ಹೇಳಿದ. ನಮ್ಮ ಓಣಿಯ ಹುಡುಗರು ಇಂದಿಗೂ ಮಾಡುವುದು ಇದನ್ನೇ.

ಬೆಂಕಿ ಒಂದೇ, ಕಥೆ ಹಲವು. ಶಿವನ ಹಣೆಗಣ್ಣಿಗೆ ಉರಿದ ಕಾಮಣ್ಣ ನಮ್ಮ ಕಥೆ. ಈ ಸಲ ಮಕ್ಕಳು ಕೇಳಿದರೆ ಹೋಲಿಕೆಯ ಜೊತೆಗೆ ಕಾಮಣ್ಣನನ್ನೂ ಢುಂಢೆಯನ್ನೂ ತಪ್ಪದೆ ಹೇಳಿ.