ಹಿಮ ಬಿದ್ದ ದಿನ ಟೀಚರ್ ಬರಲಿಲ್ಲ

2009ರ ಫೆಬ್ರವರಿ 2, ಸೋಮವಾರ. ಬೆಳಿಗ್ಗೆ ಆರಕ್ಕೆ ಎದ್ದು ಕಿಟಕಿಯ ಪರದೆ ಸರಿಸಿದರೆ ಮನೆಯ ಮುಂದೆ ನಿಲ್ಲಿಸಿದ್ದ ಕಾರೇ ಕಾಣಿಸುತ್ತಿಲ್ಲ! ಕಾರಿದ್ದ ಜಾಗದಲ್ಲಿ ಒಂದು ಬಿಳಿ ದಿಬ್ಬ. ಲಂಡನ್ನಿನ ಸುತ್ತಮುತ್ತ ಆಗ ವಾಸವಾಗಿದ್ದ ನಮ್ಮವರಿಗೆಲ್ಲ ಆ ದಿನ ಚೆನ್ನಾಗಿ ನೆನಪಿರಬೇಕು. ಹದಿನೆಂಟು ವರ್ಷಗಳಲ್ಲಿ ಅಂಥ ಹಿಮ ಈ ಭಾಗದಲ್ಲಿ ಬಿದ್ದಿರಲಿಲ್ಲವಂತೆ. ಲಂಡನ್ನಿನ ಬಸ್ಸುಗಳೆಲ್ಲ ರಸ್ತೆಗಿಳಿಯಲಿಲ್ಲ. ಹೀಥ್ರೂ ವಿಮಾನ ನಿಲ್ದಾಣದ ಎರಡೂ ರನ್‌ವೇಗಳು ಕೆಲಹೊತ್ತು ಮುಚ್ಚಿದ್ದವು.

ನಮ್ಮ ಆರು ವರ್ಷದ ಮಗಳು "ಅಮ್ಮಾ, ಸ್ನೋಮ್ಯಾನ್!" ಎಂದು ಮಂಚದ ಮೇಲೆ ಕುಣಿಯುತ್ತಿದ್ದಳು. ನಾನು ಮಾತ್ರ ಅಡುಗೆಮನೆಯಲ್ಲಿ ರೇಡಿಯೋಗೆ ಕಿವಿಗೊಟ್ಟು ನಿಂತಿದ್ದೆ. ಸ್ಥಳೀಯ ಕೇಂದ್ರದವರು ಮುಚ್ಚಿರುವ ಶಾಲೆಗಳ ಹೆಸರನ್ನು ನಮ್ಮೂರಿನ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯಂತೆ ಒಂದೇ ಸಮನೆ ಓದುತ್ತಿದ್ದರು. ಏಳೂ ನಲವತ್ತಕ್ಕೆ ನಮ್ಮ ಶಾಲೆಯ ಹೆಸರೂ ಬಂತು. ಸಾಕಷ್ಟು ಟೀಚರ್‌ಗಳು ಬರಲಾಗುತ್ತಿಲ್ಲವಾದ್ದರಿಂದ ಶಾಲೆ ಇಲ್ಲ!

ನನ್ನ ಪತಿ ಆ ವಾರ ಆಫೀಸಿನ ಕೆಲಸದ ಮೇಲೆ ಎಡಿನ್‌ಬರಾದಲ್ಲಿದ್ದರು. ನಾನು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗದ ಡಾಕ್ಟರು. ಅಂದು ಬೆಳಗಿನ ಕ್ಲಿನಿಕ್ಕಿಗೆ ಹದಿನಾಲ್ಕು ಜನ ಬರಬೇಕಿತ್ತು. ಮಗಳನ್ನು ಎಲ್ಲಿ ಬಿಡುವುದು? ಪಕ್ಕದ ಮನೆಯ ವಯಸ್ಸಾದ ದಂಪತಿಗಳ ಜೊತೆ ಮೂರು ವರ್ಷದಲ್ಲಿ "ಹಲೋ" ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಯಾವ ಮುಖ ಹೊತ್ತು ಬಾಗಿಲು ತಟ್ಟಲಿ? ಕೊನೆಗೆ ಆಸ್ಪತ್ರೆಗೆ ಫೋನ್ ಮಾಡಿ "ಬರೋಕಾಗಲ್ಲ" ಎಂದೆ. ಕ್ಲಿನಿಕ್ ರದ್ದಾಯಿತು.

ಮಂಗಳವಾರ ಶಾಲೆ ತೆರೆಯಿತು, ಆದರೆ ಅವಳ ಕ್ಲಾಸ್ ಟೀಚರ್ ಬರಲಿಲ್ಲ. ಬುಧವಾರವೂ ಇಲ್ಲ. ಎರಡು ತರಗತಿಯ ಮಕ್ಕಳನ್ನು ಹಾಲಿನಲ್ಲಿ ಕೂರಿಸಿ ಸಿನಿಮಾ ಹಾಕಿದರಂತೆ.

ಶಾಲೆಯ ಗೇಟಿನ ಬಳಿ

ಆ ಎರಡು ದಿನ ಗೇಟಿನ ಬಳಿ ನಿಂತ ತಂದೆ ತಾಯಿಯರ ಮಾತು ಕೇಳಬೇಕಿತ್ತು. ಇಂಗ್ಲಿಷರು ಹವಾಮಾನದ ಬಗ್ಗೆ ಮಾತಾಡುವುದು ಹೊಸದಲ್ಲ, ಆದರೆ ಅಂದಿನ ಸಿಟ್ಟೇ ಬೇರೆ. "ನಾನು ಮೂರು ಮೈಲಿ ನಡೆದು ಹೋಗಿ ಅಂಗಡಿ ತೆರೆದೆ, ಇವರಿಗೇನು ಕಾಲಿಲ್ಲವೇ?" ಎಂದರು ಒಬ್ಬರು. ಕೇರ್ ಹೋಮಿನಲ್ಲಿ ಕೆಲಸ ಮಾಡುವ ತಾಯಿಯೊಬ್ಬಳಿಗೆ ಸೋಮವಾರದ ಸಂಬಳ ಹೋಗಿತ್ತು. "ಟೀಚರ್‌ಗಳಿಗೆ ಮಾತ್ರ ಮನೇಲಿ ಕೂತರೂ ಸಂಬಳ" ಎಂಬುದು ಅವಳ ಸಂಕಟ. ಒಬ್ಬ ಅಜ್ಜಿಯಂತೂ 1963ರ ಚಳಿಗಾಲದ ಕಥೆ ತೆಗೆದರು. ಆಗ ಮಂಡಿಯವರೆಗಿನ ಹಿಮದಲ್ಲೂ ಶಾಲೆ ನಡೆಯುತ್ತಿತ್ತಂತೆ, ಟೀಚರ್ ಎಲ್ಲರಿಗಿಂತ ಮೊದಲು ಬಂದು ಒಲೆ ಹಚ್ಚುತ್ತಿದ್ದರಂತೆ.

ನಾನೂ ತಲೆಯಾಡಿಸಿದೆ. ಅದೇ ಭಾನುವಾರ ಯುಗಾದಿ ಕಾರ್ಯಕ್ರಮದ ತಯಾರಿಗೆಂದು ನಮ್ಮ ಬಳಗದವರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಬಿಸಿಬೇಳೆಬಾತ್ ತಿನ್ನುತ್ತಾ ನನ್ನ ಭಾಷಣ ಶುರುವಾಯಿತು. "ಇವರಿಗೆ ಬೇಸಿಗೆಯಲ್ಲಿ ಆರು ವಾರ, ಕ್ರಿಸ್ಮಸ್ಸಿಗೆ ಎರಡು, ಈಸ್ಟರಿಗೆ ಎರಡು. ಅದೂ ಸಾಲದು ಅಂತ ನಾಲ್ಕು ಚೂರು ಹಿಮ ಬಿದ್ದರೆ ಮತ್ತೊಂದು ರಜೆ!"

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತು ಮಕ್ಕಳ ನಾಟಕದ ಪಾತ್ರಗಳ ಪಟ್ಟಿ ಬರೆಯುತ್ತಿದ್ದವರೊಬ್ಬರು ಮಾತ್ರ ನಗಲಿಲ್ಲ. ಮೈಸೂರಿನ ಕಡೆಯವರು, ನನಗಿಂತ ಐದಾರು ವರ್ಷ ದೊಡ್ಡವರು, ಇಲ್ಲಿಯ ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್. ಪೆನ್ನು ಕೆಳಗಿಟ್ಟು ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಸೋಮವಾರ ನಿಮ್ಮ ಕ್ಲಿನಿಕ್ ನಡೀತಾ?"

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಹದಿನಾಲ್ಕು ಜನರಲ್ಲಿ ಎಷ್ಟು ಮಂದಿ ಹಿಮದಲ್ಲಿ ಜಾರುತ್ತಾ ಆಸ್ಪತ್ರೆಯವರೆಗೆ ಬಂದು, "ಡಾಕ್ಟರ್ ಬಂದಿಲ್ಲ" ಎನ್ನಿಸಿಕೊಂಡು ವಾಪಸ್ಸು ಹೋದರೋ, ನಾನು ವಿಚಾರಿಸಿರಲೇ ಇಲ್ಲ.

ಅವರ ಸೋಮವಾರ

ಆಮೇಲೆ ಅಕ್ಕ ತಮ್ಮ ಸೋಮವಾರದ ಕಥೆ ಹೇಳಿದರು. ಅವರ ಮನೆಗೂ ಶಾಲೆಗೂ ಇಪ್ಪತ್ತೈದು ಮೈಲಿ. ಶಾಲೆಯ ಹತ್ತಿರ ಮನೆ ಕೊಳ್ಳಲು ಟೀಚರ್ ಸಂಬಳ ಸಾಲದು. ಬೆಳಿಗ್ಗೆ ಐದೂ ಮುಕ್ಕಾಲಿಗೇ ಹೊರಟರಂತೆ. ಏಳೂವರೆಯಾದರೂ ಅರ್ಧ ದಾರಿ ಸಾಗಿಲ್ಲ, ಮುಂದೆ ಲಾರಿಯೊಂದು ಅಡ್ಡ ನಿಂತಿತ್ತು. ಆಗ ಫೋನ್ ಬಂತು, ಮಗನ ಶಾಲೆಯೂ ಮುಚ್ಚಿದೆ ಅಂತ. ಎಂಟು ವರ್ಷದ ಹುಡುಗ, ಮನೆಯಲ್ಲಿ ಅಪ್ಪ ಕೆಲಸಕ್ಕೆ ಹೊರಡಬೇಕು. ಕಾರು ತಿರುಗಿಸಿ ಮನೆ ಮುಟ್ಟುವಾಗ ಹತ್ತು ಗಂಟೆ.

"ನನ್ನ ಮಗನ ಟೀಚರ್ ಯಾಕೆ ಬರಲಿಲ್ಲ ಗೊತ್ತಾ? ಅವಳ ಮಗುವಿನ ನರ್ಸರಿ ಮುಚ್ಚಿತ್ತಂತೆ" ಎಂದು ಅಕ್ಕ ನಕ್ಕರು.

ಯೋಚಿಸಿ ನೋಡಿ. ಒಂದು ಶಾಲೆ ಮುಚ್ಚಿದರೆ ಅಲ್ಲಿಯ ಮಕ್ಕಳ ತಂದೆ ತಾಯಿಯರಲ್ಲಿ ಬೇರೆ ಶಾಲೆಯ ಟೀಚರ್ ಇರುತ್ತಾರೆ, ನರ್ಸ್ ಇರುತ್ತಾರೆ, ಬಸ್ ಡ್ರೈವರ್ ಇರುತ್ತಾರೆ. ಒಂದು ಇಟ್ಟಿಗೆ ಬಿದ್ದರೆ ಸಾಲು ಸಾಲೇ ಬಿದ್ದಂತೆ. ಅಜ್ಜಿಯ 1963ರ ಟೀಚರ್ ಬಹುಶಃ ಶಾಲೆಯ ಹಿಂದಿನ ಬೀದಿಯಲ್ಲೇ ಇದ್ದಿರಬೇಕು, ನಡೆದು ಬಂದರು. ಇಂದಿನವರನ್ನು ಮನೆ ಬೆಲೆಗಳು ಇಪ್ಪತ್ತು ಮೂವತ್ತು ಮೈಲಿ ದೂರ ತಳ್ಳಿವೆ.

ಶಾಲೆ ಮುಚ್ಚಬೇಕೋ ತೆರೆಯಬೇಕೋ ಎಂಬ ತೀರ್ಮಾನ ಸಾಮಾನ್ಯವಾಗಿ ಮುಖ್ಯೋಪಾಧ್ಯಾಯರದು, ಬೆಳಗಿನ ಜಾವ ಆರೇಳು ಗಂಟೆಯ ಒಳಗೆ ಆಗಬೇಕು. ಐದರಿಂದ ಏಳು ವರ್ಷದ ಮಕ್ಕಳ ತರಗತಿಯಲ್ಲಿ ಒಬ್ಬ ಟೀಚರಿಗೆ ಮೂವತ್ತಕ್ಕಿಂತ ಹೆಚ್ಚು ಮಕ್ಕಳಿರಬಾರದೆಂದು ಇಂಗ್ಲೆಂಡಿನಲ್ಲಿ ಕಾನೂನೇ ಇದೆ. ನರ್ಸರಿ ತರಗತಿಯಲ್ಲಂತೂ ಹದಿಮೂರು ಮಕ್ಕಳಿಗೊಬ್ಬರು ಬೇಕು. ಬಾಯ್ಲರ್ ಕೆಟ್ಟಿದೆಯೇ, ಅಡುಗೆಯವರು ಬರುತ್ತಾರೆಯೇ, ಅಂಗಳದ ಮಂಜುಗಡ್ಡೆಗೆ ಉಪ್ಪು ಹಾಕಿದೆಯೇ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಶಾಲೆ ಮುಚ್ಚಿದರೆ ಟೀಚರಿಗೆ ಸಂಬಳ ಬರುತ್ತದೆ, ನಿಜ. ಶಾಲೆ ತೆರೆದಿದ್ದು ತಾವು ಮುಟ್ಟಲಾಗದಿದ್ದರೆ ಆ ದಿನದ ಸಂಬಳ ಖಾತ್ರಿಯಿಲ್ಲ.

ಹಾಗೆಂದು ಪೋಷಕರ ದೂರೆಲ್ಲ ಸುಳ್ಳಲ್ಲ. ಏಳೂ ನಲವತ್ತಕ್ಕೆ ಸುದ್ದಿ ಬಂದರೆ ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ಒಂದೇ ರಸ್ತೆಯ ಎರಡು ಶಾಲೆಗಳಲ್ಲಿ ಒಂದು ತೆರೆದು ಒಂದು ಮುಚ್ಚಿದರೆ ಸಿಟ್ಟು ಬರದೇ ಇರುತ್ತದೆಯೇ? ಮಗುವಿಗಾಗಿ ದಿಢೀರ್ ರಜೆ ಹಾಕುವ ಹಕ್ಕು 1996ರ ಉದ್ಯೋಗ ಹಕ್ಕುಗಳ ಕಾಯಿದೆಯಲ್ಲಿದೆ, ಆದರೆ ಆ ದಿನಕ್ಕೆ ಸಂಬಳ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ನಮ್ಮಂಥವರಿಗೆ ಅದು ಕಿರಿಕಿರಿ, ಗಂಟೆ ಲೆಕ್ಕದಲ್ಲಿ ದುಡಿಯುವ ತಾಯಿಗೆ ಆ ವಾರದ ದಿನಸಿಯ ದುಡ್ಡು. ದಿನದ ಒಂದೇ ಬಿಸಿಯೂಟವನ್ನು ಶಾಲೆಯಲ್ಲಿ ಉಣ್ಣುವ ಮಕ್ಕಳೂ ಈ ಶ್ರೀಮಂತ ದೇಶದಲ್ಲಿದ್ದಾರೆ ಎಂಬುದನ್ನೂ ಅಕ್ಕನೇ ಹೇಳಿದ್ದು.

ನಮ್ಮವರ ಇನ್ನೊಂದು ದೂರು ನಿಮಗೆ ಗೊತ್ತೇ ಇದೆ. ಊರಿನಲ್ಲಿ ತಮ್ಮನ ಮದುವೆಯೆಂದು ಮಗುವನ್ನು ಒಂದು ವಾರ ಕರೆದೊಯ್ದರೆ ದಂಡ ಕಟ್ಟಬೇಕು! 2024ರ ಆಗಸ್ಟಿನಿಂದ ಇಂಗ್ಲೆಂಡಿನಲ್ಲಿ ಒಂದು ಮಗುವಿಗೆ ತಂದೆಗೆ 80 ಪೌಂಡು, ತಾಯಿಗೆ 80 ಪೌಂಡು. ಶಾಲೆಯೇ ಹಿಮಕ್ಕೆ ಮುಚ್ಚಿದರೆ ಯಾರಿಗೂ ದಂಡವಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಿಮಕ್ಕೆ ಕಳೆದ ದಿನಗಳನ್ನು ಜೂನ್ ತಿಂಗಳಲ್ಲಿ ಸೇರಿಸಿ ತುಂಬಿಸುತ್ತಾರೆ. ಇಲ್ಲಿ ಹೋದದ್ದು ಸಾಮಾನ್ಯವಾಗಿ ಹೋದಂತೆಯೇ. 2020ರ ಕೊರೊನಾ ಕಾಲದಿಂದ ಕಂಪ್ಯೂಟರಿನಲ್ಲಿ ಪಾಠ ಕಳಿಸುವ ಅಭ್ಯಾಸವೇನೋ ಬಂದಿದೆ. ಆದರೆ ಆರು ವರ್ಷದ ಮಗುವನ್ನು ಲ್ಯಾಪ್‌ಟಾಪ್ ಜೊತೆ ಬಿಟ್ಟು ಕೆಲಸಕ್ಕೆ ಹೋಗಲಾದೀತೆ?

ಅಮ್ಮ ಹೇಳಿದ್ದು

ಆ ಭಾನುವಾರ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ತೀರ್ಥಹಳ್ಳಿ ತಾಲ್ಲೂಕಿನ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವರು. ಮಳೆಗಾಲದಲ್ಲಿ ಶಾಲೆಗೆ ಹೋಗಲು ಹಳ್ಳ ದಾಟಬೇಕು, ಅದಕ್ಕೆ ಅಡಿಕೆ ಮರದ ಕಾಲುಸಂಕ. ಒದ್ದೆಯಾದರೆ ಬದಲಾಯಿಸಲು ಶಾಲೆಯ ಬೀರುವಿನಲ್ಲಿ ಒಂದು ಸೀರೆ ಯಾವಾಗಲೂ ಇರುತ್ತಿತ್ತು. ನನ್ನ ಮಾತು ಕೇಳಿ ಅಮ್ಮನಿಗೆ ನಗು.

"ಮಾರಾಯ್ತಿ, ಮರೆತುಬಿಟ್ಯಾ? ಒಂದು ವರ್ಷ ಸಂಕ ಕೊಚ್ಚಿಕೊಂಡು ಹೋಗಿ ಮೂರು ದಿನ ನಾನು ಶಾಲೆಗೆ ಹೋಗಲಿಲ್ಲ. 'ಟೀಚರಮ್ಮ ಮಳೆ ನೆಪ ಹೇಳಿ ಮನೇಲಿ ಕೂತಿದ್ದಾರೆ' ಅಂತ ಊರಿನವರು ಇನ್‌ಸ್ಪೆಕ್ಟರಿಗೆ ಅರ್ಜಿ ಬರೆದಿದ್ದರು."

"ನಿಂಗೆ ಸಿಟ್ಟು ಬರಲಿಲ್ವಾ ಅಮ್ಮಾ?"

"ಬಂತು. ಆಮೇಲೆ ನೋಡಿದ್ರೆ ಅದು ನಾಟಿ ಸಮಯ. ಗಂಡ ಹೆಂಡತಿ ಇಬ್ಬರೂ ಗದ್ದೆಯಲ್ಲಿ, ಹಳ್ಳ ತುಂಬಿ ಹರೀತಾ ಇದೆ. ಮಕ್ಕಳು ಶಾಲೆಯಲ್ಲಿದ್ದರೆ ಅವರಿಗೆ ನಿಶ್ಚಿಂತೆ. ಅರ್ಜಿ ಬರೆದವರೇ ನಾಲ್ಕನೇ ದಿನ ಬಂದು ಹೊಸ ಸಂಕ ಹಾಕಿಕೊಟ್ಟರು ಕಣೇ."

ಮಲೆನಾಡು, ಕೊಡಗು, ಕರಾವಳಿಯಲ್ಲಿ ಈಗ ಭಾರಿ ಮಳೆ ಎಂದರೆ ಜಿಲ್ಲಾಧಿಕಾರಿಗಳೇ ಶಾಲೆಗೆ ರಜೆ ಘೋಷಿಸುತ್ತಾರೆ. ಆಗ ಅದೆಲ್ಲ ಎಲ್ಲಿತ್ತು! ಫೋನ್ ಇಟ್ಟ ಮೇಲೂ ಅಮ್ಮನ ಮಾತು ತಲೆಯಲ್ಲೇ ಉಳಿಯಿತು. ನನ್ನ ಸಿಟ್ಟು ನಿಜವಾಗಿ ಟೀಚರ್ ಮೇಲಿತ್ತೇ? ಸೋಮವಾರ ಬೆಳಿಗ್ಗೆ ಮಗಳನ್ನು ನಾಲ್ಕು ಗಂಟೆ ನೋಡಿಕೊಳ್ಳಿ ಎಂದು ಕೇಳಲು ನನಗೆ ಈ ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಜ್ಜಿಯಿಲ್ಲ, ಅತ್ತಿಗೆಯಿಲ್ಲ, ಪಕ್ಕದ ಮನೆ ಇದ್ದೂ ಇಲ್ಲ. ಆ ಜಾಗವನ್ನೆಲ್ಲ ಒಂದು ಶಾಲೆ ತುಂಬುತ್ತಿತ್ತು, ಅದು ಮುಚ್ಚಿದಾಗ ಗೊತ್ತಾಯಿತು. ಅಕ್ಕನಿಗೂ ಯಾರೂ ಇರಲಿಲ್ಲ.

ಮುಂದಿನ ವಾರ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ ಡಾಕ್ಟ್ರೇ, ಒಂದು ಪಟ್ಟಿ ಮಾಡೋಣ್ವಾ?" ಎಂದರು. ಯಾರ ಮನೆಯಿಂದ ಯಾರ ಮನೆಗೆ ನಡೆದು ಹೋಗಬಹುದು, ಯಾರು ಯಾವ ದಿನ ಮನೆಯಲ್ಲಿರುತ್ತಾರೆ, ಯಾವ ಮಗುವಿಗೆ ಕಡಲೇಕಾಯಿ ಆಗದು, ಎಲ್ಲ ಒಂದೇ ಹಾಳೆಯಲ್ಲಿ. ಅಮ್ಮನ ಕಥೆ ಕೇಳಿದ ಮೇಲೆ ಅದಕ್ಕೆ "ಸಂಕ" ಎಂದೇ ಹೆಸರಾಯಿತು. ನಾನು ಪಕ್ಕದ ಮನೆಯವರಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟು ಬಂದೆ. ಅವರು ನಿವೃತ್ತ ಟೀಚರ್ ಎಂದು ಆಗಲೇ ತಿಳಿದದ್ದು!

ಇಡೀ ಬ್ರಿಟನ್ ಬಿಳಿಯಾಗಿದ್ದ 2010ರ ಜನವರಿಯಲ್ಲಿ ಆ ಹಾಳೆ ಮೊದಲ ಬಾರಿಗೆ ಕೆಲಸಕ್ಕೆ ಬಂತು. 2018ರ ಮಾರ್ಚ್ ಮೊದಲ ವಾರ, ಪೂರ್ವದಿಂದ ಬೀಸಿದ ಆ ಕೊರೆಯುವ ಗಾಳಿ ಮತ್ತು ಹಿಮದಲ್ಲಿ ಸಾವಿರಾರು ಶಾಲೆಗಳು ಮುಚ್ಚಿದಾಗ ನಮ್ಮ ಮನೆಯಲ್ಲಿ ಐದು ಪುಟ್ಟ ಮಕ್ಕಳಿದ್ದರು. ನೋಡಿಕೊಂಡವರು ಹದಿನೈದರ ನನ್ನ ಮಗಳು ಮತ್ತು ಹದಿನೇಳರ ಅಕ್ಕನ ಮಗ. ಪಕ್ಕದ ಮನೆಯ ಹಿರಿಯರು ಎರಡು ಸಲ ಬಂದು ನೋಡಿ ಹೋದರು. ಅಂದು ಮಕ್ಕಳ ತಾಯಿಯರಲ್ಲಿ ಒಬ್ಬಳು ವಾರ್ಡಿಗೆ ಹೋದಳು, ಒಬ್ಬಳು ಔಷಧಿ ಅಂಗಡಿ ತೆರೆದಳು. ನಾನು ಒಂದು ಪಾತ್ರೆ ಉಪ್ಪಿಟ್ಟು ಮಾಡಿಟ್ಟು ನಡೆದೇ ಆಸ್ಪತ್ರೆ ಸೇರಿದೆ. ಕ್ಲಿನಿಕ್ ನಡೆಯಿತು. ಒಂಬತ್ತು ಜನ ಬಂದಿದ್ದರು.

ಪಟ್ಟಿಯಲ್ಲಿದ್ದ ಮಕ್ಕಳೆಲ್ಲ ಈಗ ದೊಡ್ಡವರಾಗಿದ್ದಾರೆ. ಹೊಸದಾಗಿ ಬಂದ ಎಷ್ಟೋ ಕುಟುಂಬಗಳು ನಾವು 2009ರಲ್ಲಿದ್ದ ಸ್ಥಿತಿಯಲ್ಲೇ ಇವೆ. ಆದ್ದರಿಂದ ಈ ಯುಗಾದಿಗೆ ಹಾಳೆ ಮತ್ತೆ ಹೊಸದಾಗುತ್ತಿದೆ. ಬೇವು ಬೆಲ್ಲ ಕೊಡುವ ಮೇಜಿನ ಪಕ್ಕದಲ್ಲೇ ಅಕ್ಕ ಪೆನ್ನು ಹಿಡಿದು ಕೂತಿರುತ್ತಾರೆ. ಮುಂದಿನ ಹಿಮ ಬೀಳುವ ಮುಂಚೆ ನಿಮ್ಮ ಹೆಸರು, ಫೋನ್ ನಂಬರ್, ಮನೆಯಲ್ಲಿರುವ ದಿನ ಬರೆಸಿ ಹೋಗಿ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.